ಕಾಲು ಹಿಡಿದ ಕುದುರೆ



ಇಂದು ನಾನು ಕುದುರೆಯ ಗೊರಸಿನ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಬಂದಿದ್ದೇನೆ. ನಾನು ಪಶುವೈದ್ಯನಲ್ಲ. ಮ್ಯಾಟ್ರಿಕ್ ಮುಗಿಸಿ 1979ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು, 2019ರಲ್ಲಿ ಗುಮಾಸ್ತನಾಗಿಯೇ ನಿವೃತ್ತನಾದವನು. ನಲವತ್ತು ವರ್ಷ ಖಾತೆ-ಕಿರ್ದಿ ಬರೆದವನಿಗೆ ಕುದುರೆಯ ಗೊರಸಿನ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಒಂದು ಕಾರಣವಿದೆ. ನಾನು ಒಮ್ಮೆ ಒಂದು ಕುದುರೆಯ ಬಗ್ಗೆ ಸರ್ಕಾರಿ ಫಾರ್ಮಿನಲ್ಲಿ ಎರಡು ಶಬ್ದ ಬರೆದೆ. ಆ ಎರಡು ಶಬ್ದ ತಪ್ಪಾಗಿದ್ದವು ಎಂದು ತಿಳಿಯಲು ನನಗೆ ಮೂವತ್ತು ವರ್ಷ ಮೇಲೆ ಬೇಕಾಯಿತು.

ಆಗ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮದ ಕಾಲ. 1980ರ ಅಕ್ಟೋಬರ್ 2ರಿಂದ ಅದು ದೇಶದ ಎಲ್ಲ ಬ್ಲಾಕುಗಳಿಗೂ ಬಂದಿತ್ತು. ಎಮ್ಮೆ, ಆಡು, ಹೊಲಿಗೆ ಯಂತ್ರ, ಎತ್ತಿನ ಬಂಡಿ, ಟಾಂಗಾ, ಎಲ್ಲಕ್ಕೂ ಸಾಲ ಸಿಗುತ್ತಿತ್ತು. ಕೂಲಿಕಾರರಿಗೆ ಮೂರರಲ್ಲಿ ಒಂದು ಪಾಲು ಸಬ್ಸಿಡಿ. ನಮ್ಮ ಶಾಖೆಯಿಂದಲೂ ಒಬ್ಬ ಟಾಂಗಾದವನಿಗೆ ಕುದುರೆ ಕೊಳ್ಳಲು ಸಾಲ ಹೋಯಿತು. ಮನೆಯಲ್ಲಿ ಕನ್ನಡ, ಸ್ಟ್ಯಾಂಡಿನಲ್ಲಿ ಮರಾಠಿ, ಕುದುರೆಯ ಜೊತೆಗೆ ಎರಡೂ ಸೇರಿಸಿ ಮಾತಾಡುವ ಮನುಷ್ಯ. ಅವನ ಹೆಸರು ಇಲ್ಲಿ ಬೇಡ. ನಮ್ಮ ಗಡಿಯ ಊರುಗಳಲ್ಲಿ ಅಂಥವರು ಆಗ ಊರಿಗೆ ಹತ್ತು ಮಂದಿ ಇದ್ದರು.

1986ರ ಹೊತ್ತಿಗೆ ನಮ್ಮ ಊರಿಗೆ ಆಟೋರಿಕ್ಷಾ ಬಂದವು. ಟಾಂಗಾ ಹತ್ತುವವರು ಕಡಿಮೆಯಾದರು. ಕುದುರೆ ಹಗಲೆಲ್ಲ ಬೇವಿನ ಗಿಡದ ಕೆಳಗೆ ನಿಂತಿರುತ್ತಿತ್ತು. ಮದುವೆಯ ಮೆರವಣಿಗೆಗೆ, ಜಾತ್ರೆಗೆ ಮಾತ್ರ ಅದಕ್ಕೆ ಕೆಲಸ. ಆದರೆ ಅವನು ಅದರ ಚಂದಿ ಕಡಿಮೆ ಮಾಡಲಿಲ್ಲ. ತಾನು ಒಂದು ಹೊತ್ತು ಬಿಟ್ಟರೂ ಅದಕ್ಕೆ ಜೋಳ, ಬೆಲ್ಲ, ಕಬ್ಬಿನ ಸೋಗೆ ತಪ್ಪಲಿಲ್ಲ. ಮದುವೆ ಮನೆಯವರು ಪೇಢೆ ತಿನ್ನಿಸುತ್ತಿದ್ದರು. ಕುದುರೆ ದುಂಡಗಾಯಿತು. ಕುತ್ತಿಗೆಯ ಮೇಲೆ, ಆಯಾಲಿನ ಬುಡದಲ್ಲಿ, ಎತ್ತಿನ ಹಿಣಿಲಿನ ಹಾಗೆ ಗಟ್ಟಿ ಕೊಬ್ಬು ಏರಿತು. ವರ್ಷದ ತಪಾಸಣೆಗೆ ನಾನು ಹೋದಾಗ ಫಾರ್ಮಿನಲ್ಲಿ 'ಪ್ರಾಣಿಯ ಸ್ಥಿತಿ' ಎಂಬ ಕಾಲಮ್ಮಿನ ಮುಂದೆ ಬರೆದೆ: 'ಉತ್ತಮ, ಪುಷ್ಟ.'

ಇವೇ ಆ ಎರಡು ಶಬ್ದ. ಮುಂದಿನದನ್ನು ಕಡೆಗೆ ಹೇಳುತ್ತೇನೆ. ಮೊದಲು ಈ ಬೇನೆಯ ಚರಿತ್ರೆ ಕೇಳಿ. ಅದು ನಮ್ಮ ಟಾಂಗಾಕ್ಕಿಂತ ಬಹಳ ಹಳೆಯದು.

ಗ್ರೀಕ್ ದೇಶದ ಅರಿಸ್ಟಾಟಲ್ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದವನು. ಪ್ರಾಣಿಗಳ ಬಗ್ಗೆ ಅವನು ಬರೆದ ದೊಡ್ಡ ಗ್ರಂಥದಲ್ಲಿ ಕುದುರೆಯ ರೋಗಗಳನ್ನು ಎರಡು ಪಾಲು ಮಾಡುತ್ತಾನೆ. ಹುಲ್ಲುಗಾವಲಿನಲ್ಲಿ ತಿರುಗಾಡಿ ಮೇಯುವ ಕುದುರೆಗೆ ಕಾಲಿನ ಬೇನೆಯೊಂದು ಬಿಟ್ಟರೆ ಬೇರೆ ರೋಗವಿಲ್ಲ, ಆ ಬೇನೆಯಲ್ಲಿ ಗೊರಸು ಕಳಚಿ ಬಿದ್ದು ಮತ್ತೆ ಹೊಸದು ಬರುವುದೂ ಉಂಟು ಎನ್ನುತ್ತಾನೆ. ಲಾಯದಲ್ಲಿ ಕಟ್ಟಿ ಹಾಕಿದ ಕುದುರೆಗೋ ಹಲವು ರೋಗಗಳು. ಅವುಗಳಲ್ಲಿ ಒಂದಕ್ಕೆ ಅವನು ಕೊಟ್ಟ ಹೆಸರು ಬಾರ್ಲಿಯಿಂದ ಬಂದದ್ದು. ಗ್ರೀಕರಲ್ಲಿ ಬಾರ್ಲಿಗೆ 'ಕ್ರಿಥೀ' ಎನ್ನುತ್ತಾರೆ. ಬೇನೆಗೆ 'ಕ್ರಿಥಿಯಾಸಿಸ್' ಎಂಬ ಹೆಸರಾಯಿತು. ಬಾರ್ಲಿ ಮಿತಿಮೀರಿ ತಿಂದದ್ದರಿಂದ ಬಂದ ಬೇನೆ ಎಂದು ಅರ್ಥ. ಕುದುರೆಯ ಉಸಿರು ಬಿಸಿಯಾಗುತ್ತದೆ, ಔಷಧ ನಡೆಯುವುದಿಲ್ಲ, ತನ್ನ ಮೈಯ ಶಕ್ತಿಯಿಂದಲೇ ವಾಸಿಯಾಗಬೇಕು ಎಂದು ಅರಿಸ್ಟಾಟಲ್ ಬರೆದ.

ಅವನಿಗಿಂತ ಸ್ವಲ್ಪ ಹಿಂದಿನವನು ಸೆನೊಫೋನ್. ದಂಡಿನಲ್ಲಿ ಇದ್ದವನು, ಕುದುರೆಯ ಬೆನ್ನ ಮೇಲೆ ಬಾಳು ಕಳೆದವನು. ಕುದುರೆ ಸವಾರಿಯ ಬಗ್ಗೆ ಅವನು ಬರೆದ ಪುಸ್ತಕದಲ್ಲಿಯೂ ಈ ಬಾರ್ಲಿ ಬೇನೆಯ ಹೆಸರು ಬರುತ್ತದೆ. ಕುದುರೆ ಮೇವು ಬಿಟ್ಟರೆ ಧಣಿಗೆ ಆ ದಿನವೇ ಗೊತ್ತಾಗಬೇಕು, ಮನುಷ್ಯನ ಹಾಗೆ ಕುದುರೆಯ ರೋಗವೂ ಆರಂಭದಲ್ಲಿ ಸುಲಭ, ಹಳೆಯದಾದ ಮೇಲೆ ಕಷ್ಟ ಎಂಬುದು ಅವನ ಮಾತಿನ ಸಾರ. ಗೊರಸು ಗಟ್ಟಿಯಾಗಲೆಂದು ಲಾಯದ ಹೊರಗೆ ನಾಲ್ಕೈದು ಬಂಡಿ ದುಂಡು ಕಲ್ಲು ಹರಡಿ ಅದರ ಮೇಲೆ ಕುದುರೆ ನಿಲ್ಲಿಸಿ ಎಂದೂ ಅವನು ಹೇಳಿದ್ದಾನೆ.

ರೋಮನ್ನರು ಇದೇ ಬೇನೆಗೆ ತಮ್ಮ ಲ್ಯಾಟಿನ್ ಭಾಷೆಯಲ್ಲಿ 'ಹೋರ್ಡಿಯಾಶಿಯೊ' ಎಂದರು. ಅಲ್ಲಿಯೂ ಮೂಲ ಬಾರ್ಲಿಯೇ. ಗ್ರೀಕರ ಕಾಲದಲ್ಲಿ ಅದು ಹೊಟ್ಟೆಯ ಬೇನೆಯಾಗಿತ್ತೋ ಕಾಲಿನ ಬೇನೆಯಾಗಿತ್ತೋ ಎಂದು ವಿದ್ವಾಂಸರು ಚರ್ಚೆ ಮಾಡುತ್ತಾರೆ. ನನಗೆ ಅನ್ನಿಸುವುದು ಇಷ್ಟು. ಹೊಟ್ಟೆಗೂ ಕಾಲಿಗೂ ನಡುವೆ ಒಂದು ದಾರಿ ಇದೆ ಎಂಬುದನ್ನು ಹೆಸರಿಟ್ಟವರು ಊಹಿಸಿದ್ದರು. ಆ ದಾರಿ ಯಾವುದೆಂದು ತಿಳಿಯಲು ಎರಡು ಸಾವಿರ ವರ್ಷ ಹಿಡಿಯಿತು.

ನಮ್ಮ ದೇಶದಲ್ಲಿಯೂ ಈ ತಿಳಿವಳಿಕೆ ಇತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನಿಗೆ ಒಂದು ಅಧ್ಯಾಯವೇ ಇದೆ. ಯಾವ ಕುದುರೆಗೆ ಎಷ್ಟು ಧಾನ್ಯ ಎಂದು ಅಳತೆ ಹಾಕಿ ಹೇಳಿದೆ. ಕುದುರೆಯ ವೈದ್ಯರು ಅದರ ಮೈ ಇಳಿದರೂ ಚಿಕಿತ್ಸೆ ಮಾಡಬೇಕು, ಮೈ ಮಿತಿಮೀರಿ ಬೆಳೆದರೂ ಚಿಕಿತ್ಸೆ ಮಾಡಬೇಕು, ಋತುವಿಗೆ ತಕ್ಕಂತೆ ಮೇವು ಬದಲಿಸಬೇಕು ಎಂದಿದೆ. ಮೈ ಬೆಳೆಯುವುದು ಕೂಡ ರೋಗ! ಈ ಮಾತನ್ನು ಓದಿದಾಗ ನನಗೆ ನನ್ನ ಫಾರ್ಮು ನೆನಪಾಯಿತು. ವೈದ್ಯನ ತಪ್ಪಿನಿಂದ ರೋಗ ಹೆಚ್ಚಿದರೆ ದಂಡ ಎಂದೂ ಅದರಲ್ಲಿದೆ. ಗುಮಾಸ್ತನ ತಪ್ಪಿಗೆ ಏನು ದಂಡ ಎಂದು ಬರೆದಿಲ್ಲ.

ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರಿನಲ್ಲಿ ಅಶ್ವಶಾಸ್ತ್ರ ಬೆಳೆಯಿತು. ಕನ್ನಡದಲ್ಲಿಯೂ ಈ ಪರಂಪರೆ ಇದೆ. ಹನ್ನೆರಡನೆಯ ಶತಮಾನದಲ್ಲಿ ಕೀರ್ತಿವರ್ಮ ಗೋವೈದ್ಯ ಬರೆದ. ಸುಮಾರು 1400ರಲ್ಲಿ ಅಭಿನವಚಂದ್ರ ಅಶ್ವವೈದ್ಯ ಬರೆದ. ಇದು ವಿಜಯನಗರದ ಕಾಲ. ಆ ಕಾಲಕ್ಕೆ ಕುದುರೆ ಎಂದರೆ ರಾಜ್ಯದ ಬಲ. ಹೊರ್ಮುಜ್, ಏಡನ್ ಬಂದರುಗಳಿಂದ ಹಡಗಿನಲ್ಲಿ ಕುದುರೆ ಬರುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದದ್ದನ್ನು ನೋಡಿದರೆ, ವಿಜಯನಗರದ ಅರಸು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನಂತೆ. ಸಾಳುವ ನರಸಿಂಹನ ಕಾಲದಲ್ಲಿ ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆ ಕೊಡುತ್ತಿದ್ದರಂತೆ. ನಮ್ಮ ಕಾಲದ ಪಶುವಿಮೆಯಲ್ಲಿ ಸತ್ತ ಎಮ್ಮೆಯ ಕಿವಿಯ ಬಿಲ್ಲೆ ತಂದು ತೋರಿಸಬೇಕಿತ್ತು. ಪದ್ಧತಿ ಹಳೆಯದೇ ಎನ್ನಬೇಕು.

ಇದಕ್ಕೂ ಮೊದಲು, ಹದಿಮೂರನೆಯ ಶತಮಾನದ ಕೊನೆಗೆ, ವೆನಿಸ್ಸಿನ ಮಾರ್ಕೊ ಪೋಲೊ ತಮಿಳು ಕರಾವಳಿಗೆ ಬಂದಿದ್ದ. ವರ್ಷ ವರ್ಷ ಸಾವಿರಾರು ಕುದುರೆ ಬಂದಿಳಿಯುತ್ತವೆ, ವರ್ಷ ಮುಗಿಯುವುದರೊಳಗೆ ಕೆಲವೇ ಕೆಲವು ಉಳಿಯುತ್ತವೆ ಎಂದು ಅವನು ಆಶ್ಚರ್ಯಪಟ್ಟ. ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಾರೆ, ಅದರ ಆರೈಕೆ ಬಲ್ಲವರಿಲ್ಲ, ಲಾಳ ಕಟ್ಟುವವರನ್ನು ವ್ಯಾಪಾರಿಗಳು ಬರಗೊಡುವುದಿಲ್ಲ, ಕುದುರೆ ಸತ್ತಷ್ಟೂ ಅವರಿಗೆ ಲಾಭ ಎಂದು ಬರೆದ. ಆ ಕುದುರೆಗಳೆಲ್ಲ ಗೊರಸಿನ ಬೇನೆಯಿಂದಲೇ ಸತ್ತವೆಂದು ನಾನು ಹೇಳುವುದಿಲ್ಲ. ಸೆಕೆ, ಹುಳು, ಜ್ವರ ಎಲ್ಲ ಸೇರಿರುತ್ತವೆ. ಆದರೆ ಒಣಹುಲ್ಲು ತಿಂದು ಮರಳುಗಾಡಿನಲ್ಲಿ ಓಡಿದ ಪ್ರಾಣಿಗೆ ಅನ್ನ ತಿನ್ನಿಸಿ ಕಟ್ಟಿ ಹಾಕಿದರೆ ಏನಾಗುತ್ತದೆ ಎಂಬುದು ಈಗ ತಿಳಿದ ಸಂಗತಿ.

ಹೊಸೂರಿನ ಕಡೆಯ ಕೇಳುಗರಿಗೆ ಒಂದು ಮಾತು. ನಿಮ್ಮ ಮತ್ತಿಗಿರಿಯ ಜಾನುವಾರು ಕ್ಷೇತ್ರ 1824ರಲ್ಲಿ ಆರಂಭವಾದದ್ದು ಈಸ್ಟ್ ಇಂಡಿಯಾ ಕಂಪನಿಯ ಕುದುರೆ ಡಿಪೋ ಆಗಿ. ದಂಡಿನ ಕುದುರೆಗಳನ್ನು ಅಲ್ಲಿ ಸಾಕುತ್ತಿದ್ದರು. ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಕಡೆಯವರಿಗೆ ಭೀಮಾ ನದಿಯ ದಂಡೆಯ ಭೀಮಥಡಿ ಕುದುರೆ ಗೊತ್ತು. ಮೈ ಚಿಕ್ಕದು, ಕಾಲು ಗಟ್ಟಿ. ಮರಾಠರ ದಂಡು ಅದರ ಮೇಲೆ ದಖನ್ನೆಲ್ಲ ಸುತ್ತಿತು. ಸಿಕ್ಕಷ್ಟು ಒಣ ಮೇವು ತಿಂದು ದಿನವಿಡೀ ನಡೆಯುವ ತಳಿ. ಇಂಥ ಕಡಿಮೆಯಲ್ಲಿ ಬದುಕುವ ತಳಿಗಳಿಗೇ ಹೆಚ್ಚು ತಿನ್ನಿಸಿದರೆ ಅಪಾಯ ಎಂಬ ಮಾತು ಮುಂದೆ ಬರುತ್ತದೆ. ನೆನಪಿಟ್ಟುಕೊಳ್ಳಿ.

ಈಗ ಗೊರಸಿನ ಒಳಗೆ ಹೋಗೋಣ.

ಕುದುರೆ ನಿಲ್ಲುವುದು ಒಂದೊಂದು ಕಾಲಿಗೆ ಒಂದೇ ಬೆರಳ ಮೇಲೆ. ಗೊರಸು ಆ ಬೆರಳಿನ ಉಗುರು. ಉಗುರಿನ ಒಳಗೆ ಒಂದು ಎಲುಬು ಇದೆ. ನಾವೆಲ್ಲ ತಿಳಿದಿರುವುದು ಆ ಎಲುಬು ಗೊರಸಿನ ತಳದ ಮೇಲೆ ಕೂತಿದೆ ಎಂದು. ಹಾಗಲ್ಲ. ಅದು ಗೊರಸಿನ ಗೋಡೆಗೆ ಒಳಗಿನಿಂದ ತೂಗಿಬಿದ್ದಿದೆ. ಗೋಡೆಯ ಒಳಮೈಯಲ್ಲಿ 550ರಿಂದ 600 ತೆಳ್ಳನೆಯ ಹಾಳೆಗಳಿವೆ. ಎಲುಬಿನ ಕಡೆಯ ಮೃದು ಚರ್ಮದಲ್ಲಿಯೂ ಅಷ್ಟೇ ಹಾಳೆಗಳು. ಒಂದರ ಸಂದಿಯಲ್ಲಿ ಇನ್ನೊಂದು ಸೇರಿಕೊಂಡಿವೆ. ಪ್ರತಿ ಹಾಳೆಯ ಮೈಮೇಲೆ ಮತ್ತೆ 150ರಿಂದ 200 ಸಣ್ಣ ಹಾಳೆಗಳು.

ನನ್ನ ಕಸುಬಿನ ಹೋಲಿಕೆ ಹೇಳುತ್ತೇನೆ. ಎರಡು ದಪ್ಪ ಲೆಡ್ಜರ್ ತೆಗೆದುಕೊಳ್ಳಿ. ಒಂದರ ಪುಟದ ನಡುವೆ ಇನ್ನೊಂದರ ಪುಟ ಬರುವಂತೆ, ಮೊದಲಿನಿಂದ ಕೊನೆಯ ತನಕ ಪುಟಕ್ಕೆ ಪುಟ ಸೇರಿಸಿ ಒತ್ತಿ. ಆಮೇಲೆ ಇಬ್ಬರು ನಿಂತು ಎಳೆದರೂ ಅವು ಬಿಡುವುದಿಲ್ಲ. ಅಂಟು ಇಲ್ಲ, ಮೊಳೆ ಇಲ್ಲ, ಪುಟಗಳ ಹಿಡಿತವೇ ಸಾಕು. ಕುದುರೆಯ ಗೊರಸು ಹಾಗೆ, ಆದರೆ ಅಲ್ಲಿ ಪುಟಕ್ಕೂ ಪುಟಕ್ಕೂ ನಡುವೆ ಜೀವಂತ ಪೊರೆಯ ಬೆಸುಗೆಯೂ ಇದೆ. 400 ಕಿಲೋ ತೂಕದ ಪ್ರಾಣಿ ಈ ಹಿಡಿತದ ಮೇಲೆ ನಿಂತಿದೆ, ಓಡುತ್ತದೆ, ಹಾರುತ್ತದೆ. ತೂಕದ ಹೆಚ್ಚು ಪಾಲು, ಸುಮಾರು ನೂರಕ್ಕೆ ಅರವತ್ತು, ಮುಂಗಾಲಿನ ಮೇಲೆ.

ಈ ಹಾಳೆಗಳಿಗೆ ಲ್ಯಾಟಿನ್ ಭಾಷೆಯಲ್ಲಿ 'ಲ್ಯಾಮಿನಾ' ಎಂದು ಹೆಸರು. ಅವುಗಳ ಬೇನೆ 'ಲ್ಯಾಮಿನೈಟಿಸ್'. ಬೇನೆ ಬಂದಾಗ ಬೆಸುಗೆ ಸಡಿಲವಾಗುತ್ತದೆ. ಪುಟಗಳು ಒಂದರಿಂದ ಒಂದು ಜಾರುತ್ತವೆ. ಮೇಲಿನಿಂದ ಮೈಯ ತೂಕ ಎಲುಬನ್ನು ಕೆಳಗೆ ಒತ್ತುತ್ತದೆ, ಹಿಂದಿನಿಂದ ದಪ್ಪ ನರ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎಲುಬಿನ ತುದಿ ಕೆಳಗೆ ತಿರುಗಿ ಗೊರಸಿನ ತಳವನ್ನು ಒತ್ತುತ್ತದೆ. ಕೆಟ್ಟ ಸ್ಥಿತಿಯಲ್ಲಿ ತಳವನ್ನು ತೂತು ಮಾಡಿ ಹೊರಗೆ ಬರುತ್ತದೆ. ಇಂಗ್ಲಿಷರು ಈ ಬೇನೆಗೆ 'ಫೌಂಡರ್' ಎಂದರು. ಹಡಗು ತಳ ಕಂಡಿತು ಎನ್ನುವಾಗಲೂ ಇದೇ ಮಾತು.

ನೋವು ಎಷ್ಟಿರಬಹುದು ಎಂದು ಯೋಚಿಸಿ. ನಮ್ಮ ಉಗುರು ಬುಡದಿಂದ ಕಿತ್ತು ಬರುತ್ತಿರುವಾಗ ಆ ಬೆರಳಿನ ಮೇಲೆಯೇ ನಿಲ್ಲಬೇಕು. ಅದಕ್ಕೇ ಕುದುರೆ ಮುಂಗಾಲು ಮುಂದೆ ಚಾಚಿ, ಹಿಂಗಾಲು ಹೊಟ್ಟೆಯ ಕೆಳಗೆ ತಂದು, ಹಿಂದಕ್ಕೆ ವಾಲಿ ನಿಲ್ಲುತ್ತದೆ. ಈ ನಿಲುವು ನೋಡಿದವರು ಮರೆಯುವುದಿಲ್ಲ. ನಾನೂ ಮರೆತಿಲ್ಲ.

ವೈದ್ಯಶಾಸ್ತ್ರ ಈ ಬೇನೆಯ ಹಿಂದೆ ಬಿದ್ದದ್ದು ಕುದುರೆಯೇ ರಸ್ತೆ, ರೈಲು, ತೋಪು ಎಲ್ಲವೂ ಆಗಿದ್ದ ಕಾಲದಲ್ಲಿ. ಫ್ರಾನ್ಸಿನ ಲಿಯೊನ್ ನಗರದಲ್ಲಿ 1761ರಲ್ಲಿ ಕ್ಲೋಡ್ ಬೂರ್ಜೆಲಾ ಪಶುವೈದ್ಯ ಶಾಲೆ ಸ್ಥಾಪಿಸಿದ. 1791ರಲ್ಲಿ ಲಂಡನ್ನಿನಲ್ಲಿ ಕಾಲೇಜು ಆಯಿತು. ನಮ್ಮ ಕಡೆ ಮುಂಬಯಿಯ ಪರಳದಲ್ಲಿ 1886ರಲ್ಲಿ ಪಶುವೈದ್ಯ ಕಾಲೇಜು ಬಂದಿತು. ಆದರೆ ಬಹಳ ಕಾಲ ಚಿಕಿತ್ಸೆ ಎಂದರೆ ರಕ್ತ ತೆಗೆಯುವುದು, ಜುಲಾಬು ಕೊಡುವುದು. ಹತ್ತೊಂಬತ್ತನೆಯ ಶತಮಾನದ ಎಷ್ಟೋ ವೈದ್ಯರು ಕುದುರೆಯನ್ನು ಒತ್ತಾಯದಿಂದ ನಡೆಸಿರಿ, ನಡೆದರೆ ರಕ್ತ ಓಡುತ್ತದೆ ಎಂದು ಹೇಳುತ್ತಿದ್ದರು. ಸಡಿಲವಾದ ಪುಟಗಳ ಮೇಲೆ ತೂಕ ಹಾಕಿ ನಡೆಸಿದರೆ ಅವು ಇನ್ನೂ ಹರಿಯುತ್ತವೆ. ಒಳ್ಳೆಯ ಮನಸ್ಸಿನಿಂದ ಕೊಟ್ಟ ಕೆಟ್ಟ ಸಲಹೆ ಅದು.

1948ರಲ್ಲಿ ಸ್ವೀಡನ್ನಿನ ನಿಲ್ಸ್ ಓಬೆಲ್ ಎಂಬ ಪಶುವೈದ್ಯ ಗೊರಸಿನ ಹಾಳೆಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ ಒಂದು ಪ್ರಬಂಧ ಬರೆದ. ಕುಂಟುವುದರಲ್ಲಿ ನಾಲ್ಕು ಮೆಟ್ಟಿಲು ಗುರುತಿಸಿದ. ಮೊದಲನೆಯದರಲ್ಲಿ ಕುದುರೆ ನಿಂತಲ್ಲೇ ಒಂದಾದ ಮೇಲೆ ಒಂದು ಕಾಲೆತ್ತಿ ಇಡುತ್ತದೆ, ನಡೆಯುವಾಗ ಗೊತ್ತಾಗುವುದಿಲ್ಲ, ಓಡಿಸಿದರೆ ಹೆಜ್ಜೆ ಚಿಕ್ಕದು. ಎರಡನೆಯದರಲ್ಲಿ ನಡೆಯುವಾಗಲೇ ಬಿಗಿ. ಮೂರನೆಯದರಲ್ಲಿ ನಡೆಯಲು ಒಪ್ಪುವುದಿಲ್ಲ, ಕಾಲು ಎತ್ತಗೊಡುವುದಿಲ್ಲ. ನಾಲ್ಕನೆಯದರಲ್ಲಿ ಬಲವಂತ ಮಾಡಿದರಷ್ಟೇ ಕದಲುತ್ತದೆ. ಇಂದಿಗೂ ಪ್ರಪಂಚದ ಪಶುವೈದ್ಯರು ಓಬೆಲ್ಲನ ಮೆಟ್ಟಿಲುಗಳನ್ನೇ ಬಳಸುತ್ತಾರೆ.

ಹೊಟ್ಟೆಯಿಂದ ಕಾಲಿಗೆ ದಾರಿ ಯಾವುದು? ಅದೂ ಇಪ್ಪತ್ತನೆಯ ಶತಮಾನದಲ್ಲಿ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಕುದುರೆಯ ಜಠರ ಚಿಕ್ಕದು. ಒಮ್ಮೆಲೇ ಬಹಳ ಧಾನ್ಯ ತಿಂದರೆ ಪಿಷ್ಟ ಪೂರ್ತಿ ಜೀರ್ಣವಾಗದೆ ಹಿಂದಿನ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ನಾರು ಹುದುಗಿಸುವ ಸೂಕ್ಷ್ಮಜೀವಿಗಳ ಬದಲು ಪಿಷ್ಟ ತಿನ್ನುವ ಜೀವಿಗಳು ಹೆಚ್ಚಿ ಹುಳಿ ತುಂಬುತ್ತದೆ. ಕರುಳಿನ ಪೊರೆ ಕೆಡುತ್ತದೆ. ವಿಷ ರಕ್ತಕ್ಕೆ ಸೇರುತ್ತದೆ. ಒಂದೆರಡು ದಿನದಲ್ಲಿ ಗೊರಸಿನ ಬೆಸುಗೆ ಬಿಡುತ್ತದೆ. ಈದ ಹೆಣ್ಣು ಕುದುರೆಯ ಕಸ ಒಳಗೆ ಉಳಿದು ಕೊಳೆತರೂ ಇದೇ ಗತಿ.

ಎರಡನೆಯ ದಾರಿ ಬೇರೆ. ಒಂದು ಕಾಲು ಮುರಿದು ತೂಕವೆಲ್ಲ ಇನ್ನೊಂದರ ಮೇಲೆ ಬಿದ್ದರೆ ಆ ಒಳ್ಳೆಯ ಕಾಲಿಗೇ ಬೇನೆ ಬರುತ್ತದೆ. ಅಮೆರಿಕದ ಬಾರ್ಬಾರೊ ಎಂಬ ಪಂದ್ಯದ ಕುದುರೆ 2006ರಲ್ಲಿ ಕೆಂಟಕಿ ಡರ್ಬಿ ಗೆದ್ದಿತು. ಎರಡು ವಾರದ ಮೇಲೆ, ಮೇ 20ರಂದು, ಪ್ರೀಕ್‌ನೆಸ್ ಪಂದ್ಯದಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಎಲುಬು ಜೋಡಿಸಿದರು. ಮುರಿದ ಕಾಲು ಕೂಡುತ್ತ ಬಂತು. ಜುಲೈಯಲ್ಲಿ ಮುರಿಯದ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು. ಆ ಗೊರಸಿನ ಗೋಡೆಯ ನೂರಕ್ಕೆ ಎಂಬತ್ತು ಪಾಲು ಕೊಯ್ದು ತೆಗೆದರು. ಕಡೆಗೆ ಮುಂಗಾಲುಗಳಿಗೂ ಬೇನೆ ಹರಡಿತು. 2007ರ ಜನವರಿ 29ರಂದು ದಯಾಮರಣ ಕೊಟ್ಟರು. ಹಣ, ವೈದ್ಯರು, ಯಂತ್ರ ಯಾವುದಕ್ಕೂ ಕೊರತೆಯಿರಲಿಲ್ಲ.

ಅದಕ್ಕೂ ಹಿಂದೆ ಸೆಕ್ರೆಟೇರಿಯಟ್ ಎಂಬ ಕುದುರೆ. 1973ರ ಜೂನ್ 9ರಂದು ಬೆಲ್ಮಾಂಟ್ ಪಂದ್ಯವನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ, ಹಿಂದಿನ ಕುದುರೆಗಿಂತ 31 ಕುದುರೆಯುದ್ದ ಮುಂದೆ ಬಂದು ಗೆದ್ದಿತು. ಆ ದಾಖಲೆಯನ್ನು ಇನ್ನೂ ಯಾವ ಕುದುರೆಯೂ ಮುರಿದಿಲ್ಲ. ಅಂಥ ಕಾಲುಗಳಿದ್ದ ಪ್ರಾಣಿಯನ್ನೂ ಇದೇ ಬೇನೆ ಹಿಡಿಯಿತು. 1989ರ ಅಕ್ಟೋಬರ್ 4ರಂದು, 19ನೆಯ ವಯಸ್ಸಿನಲ್ಲಿ, ಅದಕ್ಕೂ ದಯಾಮರಣ ಕೊಡಬೇಕಾಯಿತು.

ಮೂರನೆಯ ದಾರಿ ಹಾರ್ಮೋನಿನದು. ಇದೇ ಎಲ್ಲಕ್ಕಿಂತ ತಡವಾಗಿ ತಿಳಿದದ್ದು, ಇದೇ ಎಲ್ಲಕ್ಕಿಂತ ಸಾಮಾನ್ಯವಾದದ್ದು.

ಸಕ್ಕರೆ ಕಾಯಿಲೆಯವರ ಮನೆಯಲ್ಲಿ ಇನ್ಸುಲಿನ್ ಎಂಬ ಹೆಸರು ಎಲ್ಲರಿಗೂ ಗೊತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಕಂಡುಹಿಡಿದರು. ರಕ್ತದ ಸಕ್ಕರೆಯನ್ನು ಮೈಯೊಳಗೆ ಸೇರಿಸುವ ರಸ ಅದು. ಕೆಲವು ಕುದುರೆಗಳಲ್ಲಿ, ಅದರಲ್ಲಿಯೂ ಕೊಬ್ಬಿದ ಚಿಕ್ಕ ತಳಿಗಳಲ್ಲಿ, ಮೈ ಇನ್ಸುಲಿನ್ ಮಾತು ಕೇಳುವುದಿಲ್ಲ. ಆಗ ಮೈ ಇನ್ನೂ ಇನ್ನೂ ಇನ್ಸುಲಿನ್ ಸುರಿಸುತ್ತದೆ. ಲ್ಯಾಮಿನೈಟಿಸ್ ಬಂದ ಚಿಕ್ಕ ಕುದುರೆಗಳ ಮೈ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು 1983ರಲ್ಲಿಯೇ ಸಂಶೋಧಕರು ಬರೆದಿದ್ದರು. 2002ರಲ್ಲಿ ಅಮೆರಿಕದ ಫಿಲಿಪ್ ಜಾನ್ಸನ್ ಈ ಸ್ಥಿತಿಗೆ 'ಎಕ್ವೈನ್ ಮೆಟಬಾಲಿಕ್ ಸಿಂಡ್ರೋಮ್' ಎಂದು ಹೆಸರು ಕೊಟ್ಟರು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಇನ್ಸುಲಿನ್ ಬರೀ ಜೊತೆಗಿದೆಯೋ, ಅಥವಾ ಅದೇ ಅಪರಾಧಿಯೋ? 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಉತ್ತರ ಕೊಟ್ಟರು. ಆರೋಗ್ಯವಾಗಿದ್ದ, ಯಾವ ಬೇನೆಯೂ ಇಲ್ಲದ ಚಿಕ್ಕ ಕುದುರೆಗಳ ರಕ್ತಕ್ಕೆ ಇನ್ಸುಲಿನ್ ಹರಿಸಿದರು. ಸಕ್ಕರೆ ಇಳಿಯದಂತೆ ಗ್ಲೂಕೋಸನ್ನೂ ಜೊತೆಗೆ ಕೊಟ್ಟರು. 72 ತಾಸಿನೊಳಗೆ ಇನ್ಸುಲಿನ್ ಪಡೆದ ಪ್ರತಿಯೊಂದು ಕುದುರೆಗೂ ಲ್ಯಾಮಿನೈಟಿಸ್ ಬಂತು. ಧಾನ್ಯ ಅತಿಯಾಗಿಲ್ಲ, ಕರುಳು ಕೆಟ್ಟಿಲ್ಲ, ಬರೀ ಇನ್ಸುಲಿನ್. ಆ ಕುದುರೆಗಳು ಜೀವ ಕೊಟ್ಟು ಈ ಸಂಗತಿ ತಿಳಿಸಿದವು. 2011ರಲ್ಲಿ ಫಿನ್ಲೆಂಡಿನವರು ಲ್ಯಾಮಿನೈಟಿಸ್ ಎಂದು ಆಸ್ಪತ್ರೆಗೆ ಬಂದ 36 ಕುದುರೆಗಳನ್ನು ಪರೀಕ್ಷೆ ಮಾಡಿದರು. ನೂರಕ್ಕೆ 89ರಲ್ಲಿ ಹಾರ್ಮೋನಿನ ದೋಷ ಕಂಡಿತು.

ಇನ್ನೊಂದು ಹಾರ್ಮೋನಿನ ಬೇನೆ ಮುದಿ ಕುದುರೆಗಳದು. ಮಿದುಳಿನ ಬುಡದಲ್ಲಿ ಪಿಟ್ಯೂಟರಿ ಎಂಬ ಗ್ರಂಥಿ ಇದೆ. ಡೋಪಮಿನ್ ಎಂಬ ರಸ ಅದಕ್ಕೆ ಲಗಾಮು ಹಾಕಿರುತ್ತದೆ. ವಯಸ್ಸಾದಂತೆ ಆ ಲಗಾಮು ಸಡಿಲವಾದರೆ ಗ್ರಂಥಿಯ ನಡುಭಾಗ ಮನಸ್ಸಿಗೆ ಬಂದಂತೆ ರಸ ಸುರಿಸುತ್ತದೆ. ಮನುಷ್ಯರಲ್ಲಿ ಇಂಥದೊಂದು ಬೇನೆಯನ್ನು ಹಾರ್ವೆ ಕುಶಿಂಗ್ ಎಂಬ ವೈದ್ಯ 1932ರಲ್ಲಿ ವಿವರಿಸಿದ್ದರಿಂದ ಕುದುರೆಯದಕ್ಕೂ ಅವನ ಹೆಸರು ಅಂಟಿಕೊಂಡಿತು. ಬೇಸಿಗೆ ಬಂದರೂ ಕುದುರೆಯ ಕೂದಲು ಉದುರದೆ ಉದ್ದ, ಗುಂಗುರಾಗಿ ಉಳಿಯುತ್ತದೆ. ಬಹಳ ನೀರು ಕುಡಿಯುತ್ತದೆ, ಬೆನ್ನಿನ ಮಾಂಸ ಕರಗುತ್ತದೆ, ಮತ್ತೆ ಮತ್ತೆ ಕಾಲು ಹಿಡಿಯುತ್ತದೆ. ಮನುಷ್ಯರ ಪಾರ್ಕಿನ್ಸನ್ ಬೇನೆಗೆಂದು ಮಾಡಿದ ಪರ್ಗೊಲೈಡ್ ಎಂಬ ಗುಳಿಗೆ ಇದಕ್ಕೆ ನಡೆಯುತ್ತದೆ. 2011ರಲ್ಲಿ ಅಮೆರಿಕದ ಸರ್ಕಾರ ಕುದುರೆಗೆಂದೇ ಅದಕ್ಕೆ ಮಂಜೂರಾತಿ ಕೊಟ್ಟಿತು.

ಈಗ ನಮ್ಮ ಊರಿಗೆ ಹಿಂತಿರುಗುತ್ತೇನೆ.

ನಾನು ಆ ಎರಡು ಶಬ್ದ ಬರೆದ ಕೆಲವು ತಿಂಗಳ ಮೇಲೆ, ಒಂದು ಲಗ್ನದ ಮಾರನೆಯ ದಿನ, ಆ ಕುದುರೆ ಕದಲದೆ ನಿಂತಿತು. ಮದುವೆ ಮನೆಯಲ್ಲಿ ಉಳಿದ ಬೂಂದಿ, ಅನ್ನ ಒಂದು ಬುಟ್ಟಿ ತಿಂದಿತ್ತಂತೆ. ಎರಡು ಕಂತು ಬಾಕಿ ಇತ್ತು. ವಸೂಲಿಗೆ ಹೋದ ನಾನು ಅದನ್ನು ನೋಡಿದೆ. ಮುಂಗಾಲು ಚಾಚಿ, ಹಿಂದಕ್ಕೆ ವಾಲಿ ನಿಂತಿತ್ತು. 'ಸಾಹೇಬರ, ಕಾಲು ಹಿಡದಾವ್ರಿ' ಅಂದ ಅವನು. ಗಾಯವಿಲ್ಲ, ಬಾವು ಇಲ್ಲ, ಮೈ ನೋಡಿದರೆ ಮಿರಮಿರ ಮಿಂಚುತ್ತಿದೆ. ಕಂತು ತಪ್ಪಿಸುವ ನಾಟಕ ಎಂದುಕೊಂಡೆ. 'ನಿಲ್ಲಿಸಿ ನಿಲ್ಲಿಸಿ ಮೈಗಳ್ಳ ಮಾಡಿದ್ದೀ, ಹೂಡು, ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತದೆ' ಅಂದೆ. ಅವನು ನನಗೆ ಅಂಜಿ ಹೂಡಿದ. ಬಜಾರಿನ ತನಕ ಹೋಗಿ ಬಂದ. ನಾನು ಶಾಖೆಗೆ ಬಂದು ಬರೆದೆ, ಸಾಲಗಾರ ಬೇಕೆಂದೇ ಕೆಲಸ ಮಾಡುತ್ತಿಲ್ಲ ಎಂದು.

ಹತ್ತು-ಹನ್ನೆರಡು ದಿನದಲ್ಲಿ ಗೊರಸಿನ ತಳ ಒಡೆಯಿತು. ಊರ ನಾಲಬಂದ ಕಾಲೆತ್ತಿ ನೋಡಿ, ಏನೂ ಹೇಳದೆ ಕೆಳಗಿಟ್ಟನಂತೆ. ಕುದುರೆ ಮಲಗಿದ್ದು ಮತ್ತೆ ಏಳಲಿಲ್ಲ. ಅದು ಸಾಯುವ ತನಕ ಹದಿನೈದು ದಿನ ಅವನು ಅದರ ತಲೆಯ ಹತ್ತಿರ ಕೂತಿದ್ದ. ವಿಮೆಯ ಕಾಗದದ ಜೊತೆಗೆ ನನ್ನ ವರದಿಯೂ ಹೋಯಿತು. ಬೇಕೆಂದೇ ಅಲಕ್ಷ್ಯ ಮಾಡಿದ್ದಾನೆ ಎಂದು ಹಣ ಬರಲಿಲ್ಲ. ಅವನು ಸಾಲವನ್ನು ಕೂಲಿ ಮಾಡಿ ಮೂರು ವರ್ಷದಲ್ಲಿ ಪೂರ್ತಿ ತೀರಿಸಿದ. ಖಾತೆ ಮುಗಿಸಿ ಗೆರೆ ಎಳೆದವನೂ ನಾನೇ.

ನಿವೃತ್ತಿಯಾದ ಮೇಲೆ ಪಶುವೈದ್ಯೆಯಾಗಿರುವ ನನ್ನ ತಮ್ಮನ ಮಗಳಿಗೆ ಒಂದು ದಿನ ಈ ಕಥೆ ಹೇಳಿದೆ. ಅವಳು ಕೇಳಿದ ಮೊದಲ ಪ್ರಶ್ನೆ, 'ದೊಡ್ಡಪ್ಪ, ಕುತ್ತಿಗೆ ಮೇಲೆ ಗಟ್ಟಿ ಕೊಬ್ಬು ಇತ್ತೇನು?' ಆಮೇಲೆ ಒಂದೊಂದಾಗಿ ತಿಳಿಸಿದಳು. ಆ ಕೊಬ್ಬು ಪುಷ್ಟಿಯಲ್ಲ, ಇನ್ಸುಲಿನ್ ಕೆಟ್ಟಿದೆ ಎಂಬ ಗುರುತು. ನಾನು 'ಉತ್ತಮ, ಪುಷ್ಟ' ಎಂದು ಬರೆದ ದಿನವೇ ಆ ಕುದುರೆಯ ಕಾಲಿಗೆ ಸಂಚಕಾರ ಬಂದಿತ್ತು. ಬೂಂದಿಯ ಬುಟ್ಟಿ ಕೊನೆಯ ತಳ್ಳು. ಬಜಾರಿನ ತನಕ ನಡೆಸಿದ್ದು ನನ್ನ ಪಾಲು. ತಿನ್ನಿಸಿದವನದು ಪ್ರೀತಿ, ಬರೆದವನದು ಅಜ್ಞಾನ. ಕುದುರೆಗೆ ಎರಡೂ ಒಂದೇ ಆಯಿತು.

ನಾನು ಅವನನ್ನು ಹುಡುಕಿಕೊಂಡು ಹೋದೆ. ಅವನು ತೀರಿಕೊಂಡು ಬಹಳ ವರ್ಷವಾಗಿತ್ತು. ಅವನ ಮಗ ಈಗ ಲಗ್ನಕ್ಕೆ ಕುದುರೆ ಬಾಡಿಗೆ ಕೊಡುತ್ತಾನೆ, ಎರಡು ಕುದುರೆ ಇವೆ. ನಾನು ಕ್ಷಮೆ ಕೇಳಿದೆ. ಅವನು, 'ಆಗ ಯಾರಿಗೆ ಗೊತ್ತಿತ್ರಿ' ಅಂದ. ಅವನಿಗೆ ನಾನು ಹೇಳಿದ್ದನ್ನೇ ಕೇಳುಗರಿಗೂ ಹೇಳಿ ಮುಗಿಸುತ್ತೇನೆ.

ನಮ್ಮ ಕಡೆ ಲಗ್ನದ ಕುದುರೆ ಇನ್ನೂ ಇವೆ. ನಮ್ಮದು ಕಬ್ಬಿನ ಸೀಮೆ. ಕುದುರೆಗೆ ಬೆಲ್ಲ, ಪೇಢೆ, ಬೂಂದಿ, ಅನ್ನ ತಿನ್ನಿಸಬೇಡಿ. ಒಣ ಮೇವು ಮುಖ್ಯ, ಧಾನ್ಯ ಕೆಲಸಕ್ಕೆ ತಕ್ಕಷ್ಟು. ಕೆಲಸ ಕಡಿಮೆಯಾದ ದಿನ ಚಂದಿಯೂ ಕಡಿಮೆಯಾಗಬೇಕು. ಕುತ್ತಿಗೆಯ ಕೊಬ್ಬು ಕೈಯಲ್ಲಿ ಹಿಡಿದು ನೋಡಿ. ಗಟ್ಟಿಯಾಗಿ ಏರಿದ್ದರೆ ಅಂದೇ ಎಚ್ಚರವಾಗಿರಿ. ಗೊರಸು ಬಿಸಿಯಾಗಿದ್ದರೆ, ಗೊರಸಿನ ಮೇಲೆ ಹಿಂದುಗಡೆ ನಾಡಿ ಜೋರಾಗಿ ಬಡಿಯುತ್ತಿದ್ದರೆ, ತಿರುಗುವಾಗ ಕಾಲು ಎಳೆಯುತ್ತಿದ್ದರೆ, ನಿಂತಲ್ಲೇ ಕಾಲು ಬದಲಿಸುತ್ತಿದ್ದರೆ ಪಶುವೈದ್ಯರನ್ನು ಆ ದಿನವೇ ಕರೆಯಿರಿ. ಅವರು ಬರುವ ತನಕ ನಡೆಸಬೇಡಿ. ದಪ್ಪಗೆ ಮರಳು ಹಾಕಿ ಅದರ ಮೇಲೆ ನಿಲ್ಲಿಸಿ, ಧಾನ್ಯ ಪೂರ್ತಿ ನಿಲ್ಲಿಸಿ. ಕಟ್ಟು ಬಿಚ್ಚಿಕೊಂಡು ಹೋಗಿ ಧಾನ್ಯದ ಚೀಲ ತಿಂದಿದ್ದು ಕಂಡರೆ, ಅದು ಕುಂಟುವ ತನಕ ಕಾಯಬೇಡಿ. ಗೊರಸಿನಿಂದ ಮೊಣಕಾಲಿನ ತನಕ ಮಂಜುಗಡ್ಡೆಯ ನೀರಿನಲ್ಲಿ ಇಡಬೇಕು, ಎರಡು ಮೂರು ದಿನ ಬಿಡದೆ. ಇದರಿಂದ ಬೇನೆ ತಡೆಯಬಹುದು ಎಂದು 2004ರಲ್ಲಿ ಆಸ್ಟ್ರೇಲಿಯಾದಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದಾರೆ. ನಮ್ಮ ಊರುಗಳಲ್ಲಿ ಐಸು ಈಗ ಎಲ್ಲ ಕಡೆ ಸಿಗುತ್ತದೆ. ಮೀನಿನ ಅಂಗಡಿಯಲ್ಲಿಯೂ ಸಿಗುತ್ತದೆ, ರಸವಂತಿಯಲ್ಲಿಯೂ ಸಿಗುತ್ತದೆ.

ಗೊರಸು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಮೇಲಿನಿಂದ ತುದಿಯ ತನಕ ಹೊಸ ಗೊರಸು ಬರಲು ವರ್ಷದ ಹತ್ತಿರ ಬೇಕು. ಎರಡು ದಿನದಲ್ಲಿ ಕೆಟ್ಟದ್ದನ್ನು ಕಟ್ಟಲು ಒಂದು ವರ್ಷ. ಆರಂಭದಲ್ಲಿ ಹಿಡಿದರೆ ಎಷ್ಟೋ ಕುದುರೆಗಳು ಉಳಿಯುತ್ತವೆ. ಸೆನೊಫೋನ್ ಹೇಳಿದ್ದೂ ಇದನ್ನೇ.

ಆ ಹುಡುಗ ತನ್ನ ಎರಡು ಕುದುರೆಗಳ ಕುತ್ತಿಗೆಯನ್ನು ನನ್ನ ಮುಂದೆಯೇ ಮುಟ್ಟಿ ನೋಡಿದ. ಒಂದರದು ಮೆತ್ತಗಿತ್ತು. ಇನ್ನೊಂದರ ಮೇಲೆ ಅವನ ಕೈ ಸ್ವಲ್ಪ ಹೊತ್ತು ನಿಂತಿತು. ಸಂಜೆಯ ಬೆಲ್ಲದ ಡಬ್ಬಿಯನ್ನು ಒಳಗೆ ತೆಗೆದಿಟ್ಟ.